ಸತ್ತವರ ಅಹವಾಲು

ಗುಂಡು ತಗುಲಿ ಸತ್ತವನು ಎದ್ದು ಕೂತು, ತನ್ನನ್ನು ಕೊಂದ ಬಂದೂಕಿನ ಮೇಲೆ ದೂರು ಬರೆಯುವ ಸೌಲಭ್ಯ ಇರುವುದು ಒಂದೇ ಕಡೆ: ಶೂಟರ್ ಗೇಮಿನ ಬೀಟಾದಲ್ಲಿ. ನಿಜವಾದ ಯುದ್ಧದಲ್ಲಿ ಇಲ್ಲ, ಸಿನಿಮಾದಲ್ಲಿ ಇಲ್ಲ. ಪುರಾಣದಲ್ಲಂತೂ ಸತ್ತವರು ನೇರ ಸ್ವರ್ಗಕ್ಕೆ ಹೋಗುತ್ತಾರೆಯೇ ಹೊರತು, ಬ್ರಹ್ಮಾಸ್ತ್ರದ ಡ್ಯಾಮೇಜ್ ವಿಪರೀತವಾಯಿತು, ಮುಂದಿನ ಯುಗದೊಳಗೆ ಸ್ವಲ್ಪ ಇಳಿಸಿ ಎಂದು ಯಾರಿಗೂ ಬರೆದುಕೊಂಡ ದಾಖಲೆ ಇಲ್ಲ. ಬೀಟಾದಲ್ಲಿ ಮಾತ್ರ ಸತ್ತ ಕೆಲವೇ ಸೆಕೆಂಡಿಗೆ ಮರುಜನ್ಮ, ಆಟ ಮುಗಿದೊಡನೆ ಕೈಗೊಂದು ಫಾರ್ಮು.

ಕ್ರಮ ಇಷ್ಟೇ. ಆಟ ಮಾರಾಟಕ್ಕೆ ಬರುವ ಮುಂಚೆ ಕಂಪನಿಯವರು ಒಂದೆರಡು ಮ್ಯಾಪು, ಒಂದಷ್ಟು ಗನ್ನು ಹೊರಗಿಟ್ಟು ಬಾಗಿಲು ತೆರೆಯುತ್ತಾರೆ. ಲಕ್ಷಾಂತರ ಜನ ಒಟ್ಟಿಗೇ ನುಗ್ಗಿದರೆ ಸರ್ವರ್ ತಡೆದುಕೊಳ್ಳುತ್ತದೆಯೇ, ಯಾವ ಗೋಡೆಯೊಳಗೆ ಆಟಗಾರನ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ಗನ್ನು ಎಲ್ಲರನ್ನೂ ಸಾರಾಸಗಟಾಗಿ ಮಲಗಿಸುತ್ತದೆ ಎಂಬ ಮಾಹಿತಿ ಅವರಿಗೆ ಬೇಕು. ಅವರ ಲೆಕ್ಕದಲ್ಲಿ ಅದು ಪರೀಕ್ಷೆ. ನುಗ್ಗಿದವರ ಲೆಕ್ಕದಲ್ಲಿ ಪುಕ್ಕಟೆ ಆಟ. ಸುಮಾರು ಮೂವತ್ತು ವರ್ಷದಿಂದ ಇಡೀ ವ್ಯವಸ್ಥೆ ಈ ಒಂದು ತಪ್ಪು ತಿಳಿವಳಿಕೆಯ ಮೇಲೆ ಭದ್ರವಾಗಿ ನಿಂತಿದೆ.

ಫಾರ್ಮು ತುಂಬುವವರ ಭಾಷೆಗೆ ಒಂದು ವ್ಯಾಕರಣವಿದೆ. ನನ್ನನ್ನು ಕೊಂದ ಗನ್ನು ಓಪಿ, ಅಂದರೆ ಮಿತಿಮೀರಿದ ಶಕ್ತಿಯದು. ಅದನ್ನು ನರ್ಫ್ ಮಾಡಿ, ಹಲ್ಲು ಕೀಳಿ. ನನ್ನ ಕೈಲಿರುವ ಗನ್ನು ಆಟಿಕೆ. ಅದನ್ನು ಬಫ್ ಮಾಡಿ, ಬಲ ತುಂಬಿ. ನಾನು ಮೂಲೆಯಲ್ಲಿ ಅಡಗಿ ಕೂತರೆ ಅದು ತಂತ್ರ, ಎದುರಿನವನು ಕೂತರೆ ಕ್ಯಾಂಪಿಂಗ್. ನನ್ನ ಗುಂಡು ತಪ್ಪಿದರೆ ಲ್ಯಾಗು. ಅವನ ಗುಂಡು ತಾಗಿದರೆ ಅವನು ಹ್ಯಾಕರ್. ಎದುರಾಳಿ ತನಗಿಂತ ಚೆನ್ನಾಗಿ ಆಡಿದ ಎಂಬ ಸಾಧ್ಯತೆಗೆ ಯಾವ ಫಾರ್ಮಿನಲ್ಲೂ ಕಲಂ ಇಲ್ಲ.

ಇತಿಹಾಸವನ್ನು ಬೇಗ ಮುಗಿಸಿಬಿಡೋಣ. 1996ರ ಫೆಬ್ರವರಿ 24ರಂದು ಐಡಿ ಸಾಫ್ಟ್‌ವೇರ್ ಕಂಪನಿ 'ಕ್ವೇಕ್' ಆಟದ ಪರೀಕ್ಷಾ ಪ್ರತಿ ಬಿಟ್ಟಾಗ ಅದರಲ್ಲಿ ಕೊಲ್ಲಲು ಒಂದು ರಾಕ್ಷಸನೂ ಇರಲಿಲ್ಲ. ಮೂರು ಮ್ಯಾಪು ಕೊಟ್ಟು, ನೀವು ನೀವೇ ಹೊಡೆದುಕೊಳ್ಳಿ ಎಂದರು. ಜನ ಸಂತೋಷವಾಗಿ ಹೊಡೆದುಕೊಂಡರು. 1999ರ ಜೂನಿನಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು 'ಹಾಫ್ ಲೈಫ್' ಆಟದ ಬೆನ್ನ ಮೇಲೆ ಕಟ್ಟಿದ 'ಕೌಂಟರ್ ಸ್ಟ್ರೈಕ್'ನ ಮೊದಲ ಬೀಟಾ ಹೊರಬಂತು. ಅದರಲ್ಲಿ ಒತ್ತೆಯಾಳುಗಳನ್ನು ಬಿಡಿಸುವುದು ಬಿಟ್ಟರೆ ಬೇರೆ ಕಸುಬಿರಲಿಲ್ಲ. ಬಾಂಬ್ ಇಡುವ, ಬಾಂಬ್ ಬಿಚ್ಚುವ ಆಟ ಸೇರಿದ್ದು ಅದೇ ನವೆಂಬರಿನಲ್ಲಿ ಬಂದ ನಾಲ್ಕನೇ ಬೀಟಾದಲ್ಲಿ. ಮುಂದೆ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕಾಲೇಜಿಗೆ ಚಕ್ಕರ್ ಹೊಡೆದು ಹುಡುಗರು ಆಡಿದ್ದು ಇದನ್ನೇ. 1.0 ಎಂಬ ಅಧಿಕೃತ ಆವೃತ್ತಿ ಬರುವ ಹೊತ್ತಿಗೆ 2000ದ ನವೆಂಬರ್ ಆಗಿತ್ತು. ಅಷ್ಟರಲ್ಲಿ ಆಡುವವರೆಲ್ಲ ಆಡಿಯಾಗಿತ್ತು.

ಪರೀಕ್ಷೆಗೆ ಕೂರುವುದೇ ಒಂದು ಭಾಗ್ಯ ಎಂಬ ಭಾವನೆ ಹುಟ್ಟಿದ್ದು ಆಮೇಲೆ. 2007ರಲ್ಲಿ ಮೈಕ್ರೋಸಾಫ್ಟ್‌ನವರು 'ಹೇಲೋ 3' ಬೀಟಾಕ್ಕೆ ಪ್ರವೇಶವನ್ನು 'ಕ್ರ್ಯಾಕ್‌ಡೌನ್' ಎಂಬ ಬೇರೊಂದು ಆಟದ ಡಿಸ್ಕಿನೊಳಗೆ ಇಟ್ಟರು. ಒಂದು ಪೂರ್ತಿ ಆಟವನ್ನು ದುಡ್ಡು ಕೊಟ್ಟು ಕೊಂಡು, ಅದನ್ನು ಆಡದೆ, ಇನ್ನೊಂದು ಆಟದ ಅರೆಬೆಂದ ತುಂಡನ್ನು ಆಡಿದವರಿದ್ದಾರೆ. ಒಟ್ಟು 8 ಲಕ್ಷಕ್ಕೂ ಮೇಲ್ಪಟ್ಟು ಜನ ಆ ಬೀಟಾ ಆಡಿದರು. 2020ರ ಏಪ್ರಿಲ್ 7ರಂದು, ಲೋಕವೆಲ್ಲ ಲಾಕ್‌ಡೌನಿನಲ್ಲಿ ಕೂತಿದ್ದಾಗ, ರಾಯಟ್ ಗೇಮ್ಸ್‌ನವರು 'ವ್ಯಾಲರೆಂಟ್' ಬೀಟಾ ತೆರೆದು ಇನ್ನೂ ಚೆನ್ನಾದ ಉಪಾಯ ಹೂಡಿದರು. ಟ್ವಿಚ್ ಎಂಬ ನೇರಪ್ರಸಾರದ ತಾಣದಲ್ಲಿ ಬೇರೆಯವರು ಆಡುವುದನ್ನು ನೋಡುತ್ತಾ ಕೂತವರಿಗೆ ಅದೃಷ್ಟವಿದ್ದರೆ ಪ್ರವೇಶ. ಒಂದು ಹಂತದಲ್ಲಿ 17 ಲಕ್ಷ ಜನ ಏಕಕಾಲಕ್ಕೆ ನೋಡುತ್ತಿದ್ದರು. ನೋಡುತ್ತಿದ್ದರು ಎನ್ನುವುದೂ ಪೂರ್ತಿ ನಿಜವಲ್ಲ. ಪರದೆ ತೆರೆದಿಟ್ಟು ಮಲಗಿದವರೂ ಆ ಲೆಕ್ಕಕ್ಕೆ ಸೇರಿದವರೇ. ಆಡುವ ಕಡೆಯಲ್ಲೂ ಕೆಲವರು ಹಳೆಯ ಆಟದ ದೃಶ್ಯಗಳನ್ನೇ ತಿರುಗಿಸಿ ಹಾಕಿ ದಿನದ 24 ಗಂಟೆಯೂ ಚಾನೆಲ್ ಓಡಿಸಿದರು. ಆಡದವರ ಆಟವನ್ನು ನೋಡದವರು ನೋಡಿ, ಪರೀಕ್ಷೆಗೆ ಅರ್ಹತೆ ಪಡೆದರು.

ಈ ಲೇಖಕನೂ ಒಂದು ಬೀಟಾಕ್ಕೆ ಹೋಗಿ ಬಂದವನೇ. ಯಾವ ಆಟ, ಯಾವ ಕಂಪನಿ ಎಂಬುದು ಬೇಡ, ಅವರೂ ಮರೆತಿರಲಿ. ಐವತ್ತರ ಹತ್ತಿರದ ವಯಸ್ಸು, ಮೈಸೂರಿನ ಮನೆ, ಅಕ್ಕನ ಮಗನ ಕಂಪ್ಯೂಟರು, ಸಮುದ್ರದಾಚೆ ಎಲ್ಲೋ ಇದ್ದ ಸರ್ವರು. ಇವನು ಟ್ರಿಗರ್ ಒತ್ತಿದ ಸುದ್ದಿ ಅಲ್ಲಿ ಮುಟ್ಟುವ ಹೊತ್ತಿಗೆ ಇವನ ಮರಣವಾರ್ತೆ ಅಲ್ಲಿಂದ ಹೊರಟಾಗಿರುತ್ತಿತ್ತು. "ಮಾಮ, ಹುಟ್ಟಿದ ಜಾಗದಲ್ಲೇ ನಿಂತಿದ್ದೀರ, ಓಡಿ!" ಎಂದು ಹಿಂದಿನಿಂದ ಹುಡುಗ ಕೂಗುತ್ತಿದ್ದ. ಓಡಿದರೆ ಎದುರಿನ ಹಳದಿ ಕಟ್ಟಡದ ಎರಡನೇ ಮಹಡಿಯ ಕಿಟಕಿಯಿಂದ ಗುಂಡು. ಹುಟ್ಟು, ಓಟ, ಕಿಟಕಿ, ಗುಂಡು. ಆಟದಲ್ಲಿ ಬಹಳಷ್ಟು ನೋಡತಕ್ಕ ಸ್ಥಳಗಳಿದ್ದವಂತೆ. ಲೇಖಕ ಕಂಡದ್ದು ಆ ಕಿಟಕಿಯೊಂದನ್ನೇ.

ಆದರೆ ಫಾರ್ಮು ಬಂದಾಗ ಅವನ ಕಳೆಯೇ ಬೇರೆ. 'ಇನ್ನೇನಾದರೂ ಹೇಳುವುದಿದೆಯೇ' ಎಂಬ ಕೊನೆಯ ಖಾಲಿ ಚೌಕ ಕಂಡೊಡನೆ, ನಲ್ಲಿ ನೀರು, ಬೀದಿ ದೀಪ, ಖಾತೆ ಬದಲಾವಣೆ ಎಂದು ವರ್ಷಗಟ್ಟಲೆ ಅರ್ಜಿ ಬರೆದು ಪಳಗಿದ ಕೈ ತಾನಾಗಿ ಮುಂದಕ್ಕೆ ಹೋಯಿತು. ಬರೆದದ್ದು ಇಂಗ್ಲಿಷಿನಲ್ಲೇ, ಧಾಟಿ ಮಾತ್ರ ತಾಲ್ಲೂಕು ಕಚೇರಿಯದು. ಮಾನ್ಯರೆ, ವಿಷಯ: ಹಳದಿ ಕಟ್ಟಡದ ಎರಡನೇ ಮಹಡಿಯ ಎಡಗಡೆ ಕಿಟಕಿಯನ್ನು ಮುಚ್ಚಿಸಿಕೊಡುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ಕಿಟಕಿಯಿಂದ ಸಾರ್ವಜನಿಕರಿಗೆ ತುಂಬಾ ತೊಂದರೆಯಾಗುತ್ತಿದ್ದು, ಈ ಭಾಗದಲ್ಲಿ ಓಡಾಡುವುದೇ ದುಸ್ತರವಾಗಿರುತ್ತದೆ. ಎರಡನೆಯದಾಗಿ, ಹೊಸದಾಗಿ ಬಂದವರು ಕೂತು ಊರಿನ ದಾರಿ ತಿಳಿದುಕೊಳ್ಳಲು, ಯಾರೂ ಗುಂಡು ಹಾರಿಸಕೂಡದಂಥ ಒಂದು ಕಟ್ಟೆಯನ್ನು ಕಟ್ಟಿಸಿಕೊಡಬೇಕಾಗಿ ವಿನಂತಿ.

ಹುಡುಗ ಓದಿ ಹೇಳಿದ: "ಮಾಮ, ಅದು ಸ್ನೈಪರ್‌ಗೆ ಅಂತಾನೇ ಮಾಡಿರೋ ಕಿಟಕಿ."

"ಅದಕ್ಕೇ ಕಣೋ ಮುಚ್ಚಿಸಿ ಅಂತ ಬರೆದಿರೋದು."

ಆಟ ಬಿಡುಗಡೆಯಾದಾಗ ಕಿಟಕಿ ಇದ್ದಲ್ಲೇ ಇತ್ತು. ಕಟ್ಟೆ ಬಂದಿರಲಿಲ್ಲ. ಆದರೂ ಆ ಅರ್ಜಿಯ ಒಂದು ಪ್ರತಿಯನ್ನು ಲೇಖಕ ಇಟ್ಟುಕೊಂಡಿದ್ದಾನೆ. ಅವನ ಗದ್ಯದ ಉತ್ತಮ ಮಾದರಿಗಳಲ್ಲಿ ಅದೂ ಒಂದು ಎಂದು ಅವನ ಅಭಿಪ್ರಾಯ.

ಹೀಗೆ ಬಂದು ಬೀಳುವ ಅಹವಾಲುಗಳನ್ನು ಆಟ ಮಾಡುವವರು ಅಕ್ಷರಶಃ ನಂಬಿದರೆ ಕೆಟ್ಟರು ಎಂದೇ ಅರ್ಥ. 'ಹೇಲೋ 3' ತಯಾರಾಗುತ್ತಿದ್ದಾಗ ಮೈಕ್ರೋಸಾಫ್ಟ್‌ನ ಪ್ರಯೋಗಶಾಲೆಯಲ್ಲಿ ಸುಮಾರು 600 ಮಂದಿ ಸಾಮಾನ್ಯ ಆಟಗಾರರನ್ನು ಕೂರಿಸಿ 3,000 ಗಂಟೆಗೂ ಮೀರಿ ಆಡಿಸಿ, ಯಾರು ಎಲ್ಲಿ ಸಾಯುತ್ತಾರೆ ಎಂದು ನಕ್ಷೆಯ ಮೇಲೆ ಗುರುತು ಹಾಕಿದರು. ಆಟಗಾರರಿಗೆ ಗುಂಡು ಸಾಲದೆ ಬರುತ್ತಿರುವುದು ಅಲ್ಲಿ ಕಂಡುಬಂತು. ಸಾಲದಿದ್ದರೆ ಜಾಸ್ತಿ ಕೊಡಿ ಎನ್ನುವುದು ಯಾರಿಗಾದರೂ ಹೊಳೆಯುವ ಉತ್ತರ. ಕೂತು ನೋಡಿದವರಿಗೆ ಗೊತ್ತಾದದ್ದು ಬೇರೆ: ಶತ್ರು ಗುಂಡಿನ ವ್ಯಾಪ್ತಿಗೆ ಬರುವ ಮುಂಚೆಯೇ, ಅಷ್ಟು ದೂರದಿಂದಲೇ, ಇವರು ಢಂ ಢಂ ಎನ್ನಿಸಿ ಮದ್ದು ಮುಗಿಸಿಕೊಳ್ಳುತ್ತಿದ್ದರು. ಗುಂಡು ಹೆಚ್ಚಿಸಲಿಲ್ಲ. ಶತ್ರು ಗುಂಡು ತಾಗುವಷ್ಟು ಹತ್ತಿರ ಬಂದಾಗ ಗುರಿಚಿಹ್ನೆ ಕೆಂಪಾಗುವಂತೆ ಮಾಡಿದರು, ಅಷ್ಟೇ. ಕೊರತೆ ತಾನಾಗಿ ನಿಂತಿತು. ರೋಗಿ ಹೊಟ್ಟೆನೋವು ಎಂದ ಮಾತ್ರಕ್ಕೆ ರೋಗ ಹೊಟ್ಟೆಯಲ್ಲೇ ಇರಬೇಕಿಲ್ಲವಲ್ಲ.

ಇನ್ನು ಈ ಅಹವಾಲುಗಳ ಇತಿಹಾಸದ ಗೌರೀಶಂಕರಕ್ಕೆ ಬರೋಣ. ಇಲ್ಲಿ ಅವಸರ ಬೇಡ.

2014ರ ಜೂನ್. 'ಹೇಲೋ' ಮಾಡಿ ಹೆಸರು ಗಳಿಸಿದ ಬಂಜೀ ಸಂಸ್ಥೆ 'ಡೆಸ್ಟಿನಿ' ಎಂಬ ಭಾರಿ ಆಟವನ್ನು ತಯಾರಿಸಿ, ಪ್ಲೇಸ್ಟೇಷನ್ 4 ಇದ್ದವರಿಗೆ ನಾಲ್ಕು ದಿನದ ಮಟ್ಟಿಗೆ ಆಲ್ಫಾ ಪರೀಕ್ಷೆ ತೆರೆಯಿತು. ಬೀಟಾಕ್ಕಿಂತ ಮುಂಚಿನ ಹಂತ ಅದು. ಆಟದಲ್ಲಿ ಪ್ರತಿಯೊಬ್ಬ ಆಟಗಾರನ ಜೊತೆಗೂ ಅಂಗೈಯಗಲದ, ಗಾಳಿಯಲ್ಲಿ ತೇಲುವ ಒಂದು ಯಂತ್ರ ಇರುತ್ತದೆ. ಹೆಸರು ಘೋಸ್ಟ್. ಬಾಗಿಲು ತೆರೆಯುವುದು, ದೀಪ ಹಿಡಿಯುವುದು, ಕಥೆ ಎಲ್ಲಿಗೆ ಬಂತು ಎಂದು ಹೇಳುವುದು ಅದರ ಕೆಲಸ. ಅದಕ್ಕೆ ದನಿ ಕೊಟ್ಟವನು ಪೀಟರ್ ಡಿಂಕ್ಲೇಜ್. 'ಗೇಮ್ ಆಫ್ ಥ್ರೋನ್ಸ್'ನಲ್ಲಿ ಟಿರಿಯನ್ ಪಾತ್ರ ಮಾಡಿ ಎಮ್ಮಿ ಪ್ರಶಸ್ತಿ ಗೆದ್ದ ನಟ. ದನಿಯಲ್ಲಿ ಕೊರತೆ ಹುಡುಕುವಂಥ ಮನುಷ್ಯನಲ್ಲ.

ರಷ್ಯಾದ ಒಂದು ಪಾಳು ಅಂತರಿಕ್ಷ ನೆಲೆ. ಕತ್ತಲೆ, ತುಕ್ಕು, ಎಲ್ಲಿಂದಲೋ ಕಿರುಚಾಟ. ಆಟಗಾರ ಉಸಿರು ಬಿಗಿಹಿಡಿದು ಒಳಗೆ ನುಗ್ಗುತ್ತಾನೆ. ನೆಲಕ್ಕೆ ಕಾಲೂರದೆ ತೇಲುತ್ತಾ ಬರುವ ಒಂದು ಘೋರ ಮಾಂತ್ರಿಕ ಆಕೃತಿ ಎದುರಾಗುತ್ತದೆ. ಸಂಗೀತ ಏರಿದೆ, ಬೆಂಕಿ ಹಾರುತ್ತಿದೆ, ಅಂಗೈ ಬೆವರಿದೆ. ಆಗ ಎಮ್ಮಿ ಪ್ರಶಸ್ತಿವಿಜೇತ ಕಂಠ ಉಲಿಯುತ್ತದೆ: "ಆ ಮಾಂತ್ರಿಕ ಬಂದದ್ದು ಚಂದ್ರನಿಂದ."

ಇಷ್ಟೇ. ಮುಂದೆ ಇಲ್ಲ, ಹಿಂದೆ ಇಲ್ಲ. ಬೆರಗಿಲ್ಲ, ಭಯವಿಲ್ಲ. 'ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ, ಸೋಮವಾರ ಬನ್ನಿ' ಎಂದು ಫೈಲಿನಿಂದ ತಲೆಯೆತ್ತದೆ ಹೇಳುವ ಗುಮಾಸ್ತನ ದನಿ. ಆ ಗುಮಾಸ್ತನಿಗಾದರೂ ಎದುರಿನವನು ತೊಲಗಲಿ ಎಂಬ ಒಂದು ಆಸೆ ಇರುತ್ತದೆ. ಈ ದನಿಯಲ್ಲಿ ಅದೂ ಇರಲಿಲ್ಲ.

ವಾಕ್ಯವನ್ನು ಬಿಡಿಸಿ ನೋಡಿದರೆ ಎಳ್ಳಷ್ಟೂ ದೋಷ ಸಿಗುವುದಿಲ್ಲ. ಕರ್ತೃ ಇದ್ದಾನೆ, ಕ್ರಿಯೆ ಇದೆ, ಎಲ್ಲಿಂದ ಎಂಬುದಕ್ಕೆ ಉತ್ತರವಿದೆ. ಹೈಸ್ಕೂಲಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆಸಬಹುದು. ಹೇಳಿದ್ದು ಸುಳ್ಳೂ ಅಲ್ಲ. ಡೆಸ್ಟಿನಿಯ ಕಥೆಯಲ್ಲಿ ಆ ಜಾತಿಯ ಜೀವಿಗಳು ನಿಜವಾಗಿಯೂ ಚಂದ್ರನಲ್ಲಿ ಬೀಡುಬಿಟ್ಟಿವೆ, ಮುಂದೆ ಆಟಗಾರ ಅಲ್ಲಿಗೇ ಹೋಗಬೇಕು. ಅಂದರೆ ಘೋಸ್ಟ್ ಹೇಳಿದ್ದು ಅಪ್ಪಟ ಸತ್ಯ ಮತ್ತು ಸಕಾಲಿಕ ಮಾಹಿತಿ. ತೊಂದರೆ ಏನೆಂದರೆ, ಆ ಮಾಹಿತಿ ಇಟ್ಟುಕೊಂಡು ಆ ಗಳಿಗೆಯಲ್ಲಿ ಮಾಡುವುದೇನು? ಚಂದ್ರನಿಂದ ಬಂದವನು ಎಂದು ತಿಳಿದರೆ ಗುಂಡು ಎಲ್ಲಿಗೆ ಹೊಡೆಯಬೇಕು? ಮಂಗಳ ಗ್ರಹದಿಂದ ಬಂದಿದ್ದರೆ ಬೇರೆ ಕಡೆ ಹೊಡೆಯಬೇಕಿತ್ತೇ? ಬಂದದ್ದು ಯಾವಾಗ, ಒಬ್ಬನೇ ಬಂದನೇ, ಬಂದ ಕೆಲಸವಾಯಿತೇ, ವಾಪಸು ಹೋಗುವ ವ್ಯವಸ್ಥೆ ಇದೆಯೇ? ಘೋಸ್ಟ್ ಯಾವುದಕ್ಕೂ ಬಾಯಿ ಬಿಡುವುದಿಲ್ಲ. ಹೇಳುವುದನ್ನು ಹೇಳಿಯಾಯಿತು, ಇನ್ನು ನಿಮ್ಮಿಷ್ಟ ಎಂಬಂತೆ ಪಕ್ಕದಲ್ಲಿ ತೇಲುತ್ತಿರುತ್ತದೆ.

ಆಲ್ಫಾ ಆಡಿದವರು ಗನ್ನು, ಮ್ಯಾಪು, ನೆಗೆತ, ವಾಹನ ಎಲ್ಲವನ್ನೂ ಪಕ್ಕಕ್ಕಿಟ್ಟು ಈ ಒಂದು ಮಾತನ್ನು ಹಿಡಿದುಕೊಂಡರು. ಅನುಕರಿಸಿದರು, ಹಾಡು ಕಟ್ಟಿದರು, ಸಂಬಂಧವೇ ಇಲ್ಲದ ಜಾಗಗಳಲ್ಲಿ ಉದುರಿಸಿದರು. ವರ್ಷಗಟ್ಟಲೆ ಬೆವರು ಸುರಿಸಿ ಗ್ರಹಗಳನ್ನು ಕಟ್ಟಿದವರಿಗೆ ಹೇಗಾಗಿರಬೇಡ! ದನಿಯ ಮೇಲಿನ ಕೆಲಸ ಇನ್ನೂ ಮುಗಿದಿಲ್ಲ ಎಂದು ಬಂಜೀಯವರು ಸಮಾಧಾನ ಹೇಳಿದರು. ಜುಲೈನಲ್ಲಿ ಬೀಟಾ ತೆರೆದಾಗ ಮಾತೇ ಮಾಯವಾಗಿತ್ತು. ಆ ಬೀಟಾವನ್ನು ಆಡಿದವರು 46,38,937 ಮಂದಿ ಎಂದು ಕಂಪನಿಯೇ ಲೆಕ್ಕ ಕೊಟ್ಟಿತು. ಅಷ್ಟೂ ಜನಕ್ಕೆ ಮಾಂತ್ರಿಕನ ಸ್ವಂತ ಊರು ಯಾವುದೆಂದು ಯಾರೂ ಹೇಳಲಿಲ್ಲ.

ಹಾಗೆಂದು ಮಾತು ಸಾಯಲಿಲ್ಲ. ಆಟದಿಂದ ಕಿತ್ತುಹಾಕಿದ ಅದೇ ವಾಕ್ಯವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಬಂಜೀಯವರೇ ತಮ್ಮ ಅಂಗಡಿಯಲ್ಲಿ ಮಾರಿದರು. ಜನ ಕೊಂಡರು. ಬೇಡ ಎಂದು ಕೂಗಿ ತೆಗೆಸಿದ ಮಾತನ್ನೇ ದುಡ್ಡು ಕೊಟ್ಟು ಎದೆಯ ಮೇಲೆ ಹಾಕಿಕೊಂಡು ತಿರುಗಾಡುವ ಸುಖ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. 2015ರ ಸೆಪ್ಟೆಂಬರಿನಲ್ಲಿ ಘೋಸ್ಟ್‌ನ ಮಾತುಗಳಷ್ಟನ್ನೂ ನೋಲನ್ ನಾರ್ತ್ ಎಂಬ ಬೇರೆ ನಟನಿಂದ ಹೊಸದಾಗಿ ಹೇಳಿಸಿ, ಡಿಂಕ್ಲೇಜ್‌ನ ದನಿಯನ್ನು ಪೂರಾ ಅಳಿಸಿದರು. ಅಳಿಸಿದ ಮೇಲೆ, ಹಳೆಯ ದನಿಯೇ ಚೆನ್ನಾಗಿತ್ತು ಎನ್ನುವ ಪಂಗಡವೊಂದು ಹುಟ್ಟಿಕೊಂಡಿತು. ಹುಟ್ಟದೆ ಇರುತ್ತದೆಯೇ?

ನಗೆಪಾಟಲಾದರೆ ಕಂಪನಿಗಳು ಒಂದೇ ತಿಂಗಳಲ್ಲಿ ತಿದ್ದಿಕೊಳ್ಳುತ್ತವೆ ಎಂಬುದಕ್ಕೆ ಚಂದ್ರನ ಮಾಂತ್ರಿಕ ಸಾಕ್ಷಿ. ನಗೆ ಬರದ ದೂರುಗಳ ಗತಿ ಬೇರೆ.

2017ರ ಅಕ್ಟೋಬರಿನಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬೀಟಾ ನಡೆಯಿತು. ಆಡಿದವರು ಅಲ್ಲೇ ಹೇಳಿದರು: ಇಲ್ಲಿ ಗೆಲುವು ಕೈಚಳಕದ್ದಲ್ಲ, ಪೆಟ್ಟಿಗೆಯದು. ಏನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆ ಒಡೆದರೆ ಬಲ ಹೆಚ್ಚಿಸುವ ಕಾರ್ಡುಗಳು ಸಿಗುತ್ತಿದ್ದವು, ಪೆಟ್ಟಿಗೆಯನ್ನು ದುಡ್ಡು ಕೊಟ್ಟೂ ಪಡೆಯಬಹುದು ಎಂಬ ಏರ್ಪಾಡಿತ್ತು. ಅಂದರೆ ಕಾಸಿದ್ದವನ ಗುಂಡಿಗೆ ಹೆಚ್ಚು ತೂಕ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಒಂದಿಷ್ಟು ತೇಪೆ ಹಾಕಿ ಮುಂದೆ ನಡೆಯಿತು. ನವೆಂಬರಿನಲ್ಲಿ, ಬಿಡುಗಡೆಗೆ ಕೆಲವೇ ದಿನ ಮುಂಚೆ, ಡಾರ್ತ್ ವೇಡರ್‌ನಂಥ ಮುಖ್ಯ ಪಾತ್ರವನ್ನು ಪಡೆಯಬೇಕಾದರೆ 60,000 ಕ್ರೆಡಿಟ್ ಕೂಡಿಸಬೇಕೆಂದು ಬಯಲಾಯಿತು; ಲೆಕ್ಕ ಹಾಕಿದವರು, ಅದಕ್ಕೆ 40 ಗಂಟೆ ಆಡಬೇಕು ಎಂದರು. ಕಷ್ಟಪಟ್ಟು ಗಳಿಸಿದರೆ ಹೆಮ್ಮೆ, ಸಾರ್ಥಕತೆ ಅನಿಸಲಿ ಎಂಬುದೇ ಉದ್ದೇಶ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಸಮಜಾಯಿಷಿಗೆ ಆರು ಲಕ್ಷಕ್ಕೂ ಹೆಚ್ಚು ಅಸಮ್ಮತಿ ಬಿದ್ದು ಅದು ಗಿನ್ನೆಸ್ ದಾಖಲೆ ಸೇರಿತು. ಬೆಲೆಯನ್ನು 15,000ಕ್ಕೆ ಇಳಿಸಿದರು. ಸಾಲಲಿಲ್ಲ. ನವೆಂಬರ್ 17ರ ಬಿಡುಗಡೆಯ ಹಿಂದಿನ ದಿನ ದುಡ್ಡು ಕೊಟ್ಟು ಕೊಳ್ಳುವ ಬಾಗಿಲನ್ನೇ ಮುಚ್ಚಿದರು.

ಇದರಲ್ಲಿ ತಮಾಷೆ ಹುಡುಕುವುದು ಕಷ್ಟ. ಆ ಪೆಟ್ಟಿಗೆಗಳನ್ನು ಒಡೆಯುವವರಲ್ಲಿ ಎಷ್ಟೋ ಜನ ಮಕ್ಕಳು, ಕಾರ್ಡು ಅಪ್ಪನದೋ ಅಮ್ಮನದೋ. ಅದೇ ಗದ್ದಲ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗದ ಕಿವಿಗೂ ಬಿದ್ದು, 2018ರ ಏಪ್ರಿಲ್‌ನಲ್ಲಿ 'ಓವರ್‌ವಾಚ್', 'ಫಿಫಾ 18', 'ಕೌಂಟರ್ ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್' ಆಟಗಳಲ್ಲಿದ್ದ ಇಂಥ ದುಡ್ಡಿನ ಪೆಟ್ಟಿಗೆಗಳು ಜೂಜೇ ಎಂದು ಆಯೋಗ ಹೇಳಿತು. ಬೀಟಾದಲ್ಲೇ ಜನ ಹೇಳಿದ್ದ ಮಾತನ್ನು ನಂಬಲು ಲಕ್ಷಗಟ್ಟಲೆ ಬೈಗುಳ ಮತ್ತು ಒಂದು ದೇಶದ ಸರ್ಕಾರ ಬೇಕಾಯಿತು. ಚಂದ್ರನ ಮಾಂತ್ರಿಕನನ್ನು ತೆಗೆಯಲು ಕಂಪನಿಯ ಜೇಬಿಗೆ ಖರ್ಚಿರಲಿಲ್ಲ, ಟೀ ಶರ್ಟಿನಿಂದ ಲಾಭವೇ ಬಂದಿರಬೇಕು. ಪೆಟ್ಟಿಗೆ ತೆಗೆದರೆ ಹಾಗಲ್ಲ.

ನಡುವೆ ನಿಂತು "ಅದು ಬೀಟಾ ಕಣ್ರೀ, ಬಿಡುಗಡೆ ಹೊತ್ತಿಗೆ ಸರಿಹೋಗುತ್ತೆ" ಎನ್ನುವ ಒಂದು ಜಾತಿಯ ಜನ ಇದ್ದಾರೆ. ಕಂಪನಿಯಿಂದ ಒಂದು ಕಾಸು ಸಂಬಳವಿಲ್ಲದೆ ಅದರ ಪರ ವಾದಿಸುವ ವಕೀಲರು. ಲೇಖಕನಿಗೆ ಇವರನ್ನು ಕಂಡರೆ ಸ್ನೈಪರ್‌ಗಿಂತ ಹೆಚ್ಚು ಸಿಟ್ಟು. 2021ರ ಅಕ್ಟೋಬರಿನಲ್ಲಿ ಅದೇ ಎಲೆಕ್ಟ್ರಾನಿಕ್ ಆರ್ಟ್ಸ್‌ನ 'ಬ್ಯಾಟಲ್‌ಫೀಲ್ಡ್ 2042' ಬೀಟಾ ಬಂದು ಜನ ಗೊಣಗಿದಾಗ, ಇದು ಕೆಲವು ತಿಂಗಳ ಹಳೆಯ ಪ್ರತಿ ಎಂದು ಕಂಪನಿಯೂ ಹೇಳಿತು, ವಕೀಲರೂ ಹೇಳಿದರು. ನವೆಂಬರ್ 19ಕ್ಕೆ ಆಟ ಬಿಡುಗಡೆಯಾದಾಗ ಯಾರು ಎಷ್ಟು ಹೊಡೆದರು ಎಂದು ತೋರಿಸುವ ಹಳೆಯ ಮಾದರಿಯ ಸ್ಕೋರ್‌ಬೋರ್ಡೇ ಅದರಲ್ಲಿರಲಿಲ್ಲ. ಅದನ್ನು ತರಲು ಮುಂದಿನ ವರ್ಷ ಬೇಕಾಯಿತು. ಸೈನಿಕರನ್ನು ಅವರವರ ಕೆಲಸಕ್ಕೆ ತಕ್ಕಂತೆ ವಿಂಗಡಿಸುವ ಹಳೆಯ ಪದ್ಧತಿ ಬಿಡಬೇಡಿ ಎಂದು ಬೀಟಾದಲ್ಲಿ ಬಡಕೊಂಡಿದ್ದಕ್ಕೆ ಉತ್ತರ ಸಿಕ್ಕಿದ್ದು 2023ರ ಜನವರಿಯಲ್ಲಿ.

ಅದೇ ಕಂಪನಿ ಪಾಠ ಕಲಿತದ್ದನ್ನೂ ಹೇಳದಿದ್ದರೆ ಅನ್ಯಾಯ. 2025ರ ಆಗಸ್ಟಿನಲ್ಲಿ 'ಬ್ಯಾಟಲ್‌ಫೀಲ್ಡ್ 6' ಬೀಟಾ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ಒಂದರಲ್ಲೇ ಏಕಕಾಲಕ್ಕೆ 5.21 ಲಕ್ಷ ಜನರನ್ನು ಕಂಡಿತು. ಒಳಗೆ ಹೋಗಲು ಕಂಪ್ಯೂಟರಿನ ಬಯೋಸ್‌ಗೆ ಇಳಿದು 'ಸೆಕ್ಯೂರ್ ಬೂಟ್' ಎಂಬುದನ್ನು ಚಾಲೂ ಮಾಡಬೇಕಿತ್ತು. ಯುದ್ಧಕ್ಕಿಂತ ಅದಕ್ಕೇ ಹೆಚ್ಚು ಧೈರ್ಯ ಬೇಕು. ಇಷ್ಟೆಲ್ಲ ಕಾವಲಿದ್ದರೂ ಮೊದಲ ಎರಡು ದಿನದಲ್ಲೇ ಮೋಸದ 3.3 ಲಕ್ಷ ಪ್ರಯತ್ನಗಳನ್ನು ತಡೆದೆವು ಎಂದು ಕಂಪನಿ ತಿಳಿಸಿತು. ವಾರಾಂತ್ಯಕ್ಕೆ ಮುಚ್ಚಿಹೋಗುವ ಪರೀಕ್ಷೆಯಲ್ಲಿ ಮೋಸ ಮಾಡಿ ಗಳಿಸುವುದೇನು ಎಂಬುದು ಮನಶ್ಶಾಸ್ತ್ರಜ್ಞರಿಗೆ ಬಿಟ್ಟದ್ದು. ಉಳಿದವರೆಲ್ಲ ಎಂ87ಎ1 ಎಂಬ ಶಾಟ್‌ಗನ್ನಿನ ಮೇಲೆ ಒಕ್ಕೊರಲಿನಿಂದ ದೂರಿದರು. ಅದರಿಂದ ಸತ್ತವರು ಮಾತ್ರವಲ್ಲ, ಅದನ್ನೇ ಹಿಡಿದು ಕೊಂದವರೂ ನಾಚಿಕೊಂಡು ಹೌದೆಂದರು. ಕೊಂದವನೂ ಸತ್ತವನೂ ಒಪ್ಪುವ ದೂರು ಅಪರೂಪ. ಒಬ್ಬನನ್ನು ಬೀಳಿಸಲು ಇನ್ನೂ ಹೆಚ್ಚು ಚರೆ ತಾಗಬೇಕು ಎಂದು ಗನ್ನನ್ನು ತಿದ್ದಿದರು. ಜಾರುತ್ತಾ ನೆಗೆಯುತ್ತಾ ಕಪ್ಪೆಗಳಾಗಿದ್ದ ಆಟಗಾರರ ವೇಗಕ್ಕೂ ಕಡಿವಾಣ ಬಿತ್ತು.

ದೂರಿಗಿಂತ ಘೋರವಾದದ್ದು ಒಂದಿದೆ. ಸೋನಿಯ 'ಕಾಂಕಾರ್ಡ್' ಆಟದ ಬೀಟಾ 2024ರ ಜುಲೈನಲ್ಲಿ ಎಲ್ಲರಿಗೂ ಪುಕ್ಕಟೆ ತೆರೆದಿತ್ತು. ಸ್ಟೀಮ್‌ನಲ್ಲಿ ಅತಿ ಹೆಚ್ಚೆಂದರೆ 2,388 ಜನ ಒಟ್ಟಿಗೆ ಆಡಿದರು. ಅದನ್ನು ಅಭಿಪ್ರಾಯವೆಂದು ಓದಿಕೊಳ್ಳಬಹುದಿತ್ತು. ಓದಿಕೊಂಡರೂ ಆ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲವೇನೋ. ಆಗಸ್ಟ್ 23ಕ್ಕೆ 40 ಡಾಲರ್ ಬೆಲೆ ಹಚ್ಚಿ ಬಿಡುಗಡೆ ಮಾಡಿದಾಗ ಅದೇ ಸ್ಟೀಮ್‌ನ ಗರಿಷ್ಠ ಸಂಖ್ಯೆ 697. ಸೆಪ್ಟೆಂಬರ್ 6ಕ್ಕೆ ಸರ್ವರ್ ಆರಿಸಿ, ಕೊಂಡವರಿಗೆ ಹಣ ಹಿಂದಿರುಗಿಸಿದರು. ಅಕ್ಟೋಬರಿನಲ್ಲಿ ಆಟ ಮಾಡಿದ ಸ್ಟುಡಿಯೋವೇ ಮುಚ್ಚಿತು. ಅಷ್ಟು ಜನರ ಕೆಲಸ ಹೋಯಿತು. ಕಿಟಕಿ ಮುಚ್ಚಿಸಿ ಎಂದು ಬರೆಯುವ ಪೆದ್ದರು ಅವರಿಗೂ ಸಾಕಷ್ಟು ಸಂಖ್ಯೆಯಲ್ಲಿ ಸಿಗಬೇಕಿತ್ತು.

ನಮ್ಮ ಕಡೆಯ ಅಹವಾಲುಗಳ ರುಚಿಯೇ ಬೇರೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ, ಮರುವರ್ಷ ಜೂನ್ 17ಕ್ಕೆ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೊಸ ಹೆಸರಿನಲ್ಲಿ ಪರೀಕ್ಷೆಗೆ ಬಂದಾಗ ಗುಂಡು ತಗುಲಿದವರ ಮೈಯಿಂದ ಹಸಿರು ರಕ್ತ ಬಂತು. ಇದು ನಿಜಲೋಕವಲ್ಲ ಎಂದು ಆಟದ ಮೊದಲಿಗೇ ಒಂದು ಗಂಭೀರ ದನಿ ಎಚ್ಚರಿಸುತ್ತಿತ್ತು. ಹಸಿರು ರಕ್ತ ಕಂಡ ಮೇಲೂ ಅನುಮಾನ ಉಳಿದವರಿಗಾಗಿ ಇರಬೇಕು.

ಆದರೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿಯ 'ಫೌಜಿ'ಗೆ ಬಂದಂಥ ದೂರು ಬಹುಶಃ ಬೇರೆ ಯಾವ ಶೂಟರ್‌ಗೂ ಬಂದಿರಲಿಕ್ಕಿಲ್ಲ. ಪಬ್‌ಜಿಗೆ ಸ್ವದೇಶಿ ಉತ್ತರ ಎಂದು ಜನ ಅದನ್ನು ನಾಲ್ಕೈದು ತಿಂಗಳು ಕಾದರು. ಲಕ್ಷಗಟ್ಟಲೆ ಮಂದಿ ಮುಂಗಡ ನೋಂದಾಯಿಸಿದರು. 2021ರ ಗಣರಾಜ್ಯೋತ್ಸವದ ದಿನ ಬಂತು. ತೆರೆದು ನೋಡಿದರೆ ಗಲ್ವಾನ್ ಕಣಿವೆ, ಚಳಿ, ಹಿಮ, ಮುಷ್ಟಿಯುದ್ಧ. ಗುದ್ದಬಹುದು, ಕೈಗೆ ಸಿಕ್ಕಿದ ದೊಣ್ಣೆಯಿಂದ ಬಡಿಯಬಹುದು. ಗನ್ನು ಮಾತ್ರ ಇಲ್ಲ. ಗನ್ನೆಲ್ಲಿ ಎಂದು ಜನ ಪ್ಲೇ ಸ್ಟೋರ್‌ನಲ್ಲಿ ನಕ್ಷತ್ರಗಳನ್ನು ಕಿತ್ತುಕೊಂಡರು. ಇತಿಹಾಸದ ದೃಷ್ಟಿಯಿಂದ ಕಂಪನಿಯದೇ ಸರಿ. 2020ರ ಜೂನಿನಲ್ಲಿ ಗಲ್ವಾನ್‌ನಲ್ಲಿ ನಡೆದ ನಿಜವಾದ ಘರ್ಷಣೆಯಲ್ಲಿ ಗುಂಡು ಹಾರಿರಲೇ ಇಲ್ಲ. ವಾಸ್ತವಕ್ಕೆ ಇಷ್ಟು ನಿಷ್ಠವಾಗಿದ್ದು ಇಷ್ಟು ಬೈಸಿಕೊಂಡ ಆಟ ಇನ್ನೊಂದಿಲ್ಲ.

ಕಂಪನಿ ಮಾತು ಕೇಳಿತು. ಅದೇ ವರ್ಷ ತಂಡಗಳು ಗನ್ನು ಹಿಡಿದು ಹೊಡೆದಾಡುವ ಟೀಮ್ ಡೆತ್‌ಮ್ಯಾಚ್‌ನ ಬೀಟಾ ಬಂತು. 2024ರ ಡಿಸೆಂಬರಿನಲ್ಲಿ 'ಫೌಜಿ: ಡಾಮಿನೇಷನ್' ಎಂಬ ಪೂರ್ಣ ಪ್ರಮಾಣದ ಶೂಟರ್‌ನ ಬೀಟಾವೂ ನಡೆಯಿತು. ಈಗ ಗನ್ನು ಬೇಕಾದಷ್ಟಿವೆ. ಇನ್ನು ಮುಂದೆ ದೂರು ಏನೆಂದು ಬರುತ್ತದೆ ಎಂಬುದನ್ನು ತಿಳಿಯಲು ಯಾವ ಬೀಟಾವೂ ಬೇಕಾಗಿಲ್ಲ.